ಸವಳು ನೆಲದಿಂದ ಉಪ್ಪುನೀರಿಗೆ ಹೋದ ದೋಣಿ

ಉಪ್ಪಿನ ಗುಣ ತಿಳಿಯಲು ಗಂಗಾವತಿ ಸೀಮೆಯವರು ಕಡಲ ದಂಡೆಯಲ್ಲಿ ಹುಟ್ಟಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಇಲ್ಲಿ ಭತ್ತ ಹರಡಿತು. ಬಸಿದುಹೋಗಲು ದಾರಿ ಸಿಗದ ನೀರು ಎರೆಮಣ್ಣಿನಲ್ಲಿ ನಿಂತು, ಬಿಸಿಲಿಗೆ ಆರುತ್ತಾ, ನೆಲದಾಳದ ಲವಣವನ್ನು ಮೇಲಕ್ಕೆಳೆದು ತಂದಿತು. ಕಾರಟಗಿ, ಸಿಂಧನೂರು ಕಡೆಗೆ ಹೋದರೆ ಬೇಸಿಗೆಯಲ್ಲಿ ಬೆಳ್ಳಗೆ ಪೊರೆ ಕಟ್ಟಿದ ಹೊಲಗಳು ಈಗಲೂ ಕಾಣುತ್ತವೆ. ನಮ್ಮ ಊರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಸವಳು-ಜವಳು ನೆಲದ ಮೇಲೆಯೇ ದಶಕಗಳಿಂದ ಸಂಶೋಧನೆ ನಡೆದುಬಂದಿದೆ.

ನಾನು ಇಲ್ಲಿ ಕಬ್ಬಿಣದ ಕೆಲಸದ ಶೆಡ್ ಇಟ್ಟುಕೊಂಡಿದ್ದೇನೆ. ಹೊಲದ ಗೇಟು, ಟ್ರ್ಯಾಕ್ಟರ್ ಟ್ರಾಲಿ, ರೈಸ್ ಮಿಲ್ಲಿನ ಎಲಿವೇಟರ್, ಹೀಗೆ ಬಂದದ್ದನ್ನೆಲ್ಲ ಕತ್ತರಿಸಿ ಬೆಸೆದು ಕೊಡುತ್ತೇನೆ. ಸವಳು ಹೊಲದಿಂದ ದುರಸ್ತಿಗೆ ಬರುವ ಗೇಟನ್ನು ನೋಡಿ ನೋಡಿ ಒಂದು ಮಾತು ಖಚಿತವಾಗಿದೆ. ಅಗಲವಾದ ತಗಡು ಮೇಲ್ಮೈಯಲ್ಲಿ ಕೆಂಪಾಗಿದ್ದರೂ ಒಳಗೆ ಗಟ್ಟಿಯಾಗಿಯೇ ಇರುತ್ತದೆ. ಹೋಗಿರುವುದು ಬಿಜಾಗರಿ, ಬೋಲ್ಟಿನ ಕುತ್ತಿಗೆ, ಎರಡು ಪಟ್ಟಿ ಒಂದರ ಮೇಲೊಂದು ಕೂತ ಜಾಗ. ತೇವ ನಿಲ್ಲಲು ಎಲ್ಲಿ ಎಡೆ ಸಿಗುತ್ತದೆಯೋ ಅಲ್ಲಿ ಉಪ್ಪು ಕೆಲಸ ಶುರುಮಾಡುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ತಾತ್ಕಾಲಿಕ ಗೇಟಿನ ಹಲಗೆಗಳನ್ನು ಇಳಿಸಿ ನೀರು ನಿಲ್ಲಿಸುವ ತನಕ ಈ ಭಾಗದ ರೈತರು ನಿದ್ದೆ ಮಾಡಿರಲಿಲ್ಲ. ಅಂದಿನಿಂದ ಕೊಂಡಿ, ಕೀಲು, ಸಂದುಗಳನ್ನು ನೋಡುವ ನನ್ನ ಕಣ್ಣು ಇನ್ನಷ್ಟು ಹರಿತವಾಗಿದೆ.

ಸಿಹಿನೀರಿನ ಅಲ್ಯುಮಿನಿಯಂ ದೋಣಿಯೊಂದನ್ನು ಸಮುದ್ರಕ್ಕೆ ಒಗ್ಗಿಸುವ ಕೆಲಸ ನನ್ನ ಪಾಲಿಗೆ ಬಂದಾಗ ಈ ಕಣ್ಣೇ ನನಗಿದ್ದ ಬಂಡವಾಳ.

ದೋಣಿ ಸಿಕ್ಕಿದ್ದು ಹೊಸಪೇಟೆಯ ಗುಜರಿ ವ್ಯಾಪಾರಿಯೊಬ್ಬರ ಅಂಗಳದಲ್ಲಿ. ಹದಿನಾಲ್ಕು ಅಡಿ ಉದ್ದ, ಚಪ್ಪಟೆ ತಳ, ಮೂತಿಯ ಕಡೆ ಮಾತ್ರ ಸ್ವಲ್ಪ ಮೇಲೆದ್ದ ಆಕಾರ, ಮೈತುಂಬ ರಿವಿಟ್, ಅಂದರೆ ತಗಡುಗಳನ್ನು ಸೇರಿಸಿ ಬಡಿದು ಬಿಗಿದ ಮೊಳೆ. ಯಾವುದೋ ಕೆರೆಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸಿ ದಣಿದ ದೋಣಿ. ಬೇಕಾಗಿದ್ದದ್ದು ನನ್ನ ಭಾವನವರಿಗೆ. ಅಕ್ಕನನ್ನು ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ನದಿ ಸಮುದ್ರ ಸೇರುವ ಕಡೆಯ ಊರಿಗೆ ಕೊಟ್ಟಿದೆ. ಎರಡೂ ಮನೆಯವರು ಅಂಬಿಗರೇ. ನಮ್ಮ ಅಪ್ಪ ಆನೆಗೊಂದಿಯಿಂದ ತಳವಾರಘಟ್ಟಕ್ಕೆ ಹರಿಗೋಲು ನಡೆಸಿದವರು, ಭಾವನ ತಂದೆ ಕಡಲಿಗೆ ಪಾತಿ ದೋಣಿ ಇಳಿಸಿದವರು. ಭಾವ ಈಗ ದೊಡ್ಡ ಬೋಟಿನ ಕೂಲಿ ಬಿಟ್ಟು ಒಬ್ಬರೇ ದುಡಿಯಬೇಕೆಂದಿದ್ದಾರೆ. ಬೆಳಗಿನ ಜಾವ ಅಳಿವೆಯ ಒಳಗೆ ಬೀಡುಬಲೆ, ಹವೆ ತಿಳಿಯಾಗಿದ್ದ ದಿನ ಅಳಿವೆಯಾಚೆ ಸ್ವಲ್ಪ ದೂರ ಗಾಳ. ಫೈಬರ್ ದೋಣಿ ಅಲ್ಲಿ ಬೇಕಾದಷ್ಟಿವೆ. ಆದರೆ ಅವನ್ನು ಮರಳ ಮೇಲೆ ಎಳೆಯಲು ನಾಲ್ಕು ಜನ ಬೇಕು. ಅಲ್ಯುಮಿನಿಯಂ ಕಬ್ಬಿಣದ ಮೂರನೇ ಒಂದು ಭಾಗದಷ್ಟು ತೂಗುತ್ತದೆ. ಎಂಜಿನ್ ಬಿಚ್ಚಿಟ್ಟರೆ ಅಕ್ಕ ಮತ್ತು ಭಾವ ಇಬ್ಬರೇ ಎಳೆದುಕೊಳ್ಳಬಹುದು. ಬಂಡೆ ತಗುಲಿದರೆ ನೆಗ್ಗುತ್ತದೆ, ಒಡೆಯುವುದಿಲ್ಲ.

ಮೊದಲ ಪ್ರಶ್ನೆ, ಇದು ಯಾವ ಅಲ್ಯುಮಿನಿಯಂ? ಅಲ್ಯುಮಿನಿಯಂ ಎಂದರೆ ಒಂದೇ ಲೋಹವಲ್ಲ. ತಾಮ್ರ ಬೆರೆಸಿದ 2000 ಸರಣಿಯ ಮಿಶ್ರಲೋಹ ವಿಮಾನಕ್ಕೆ ಒಳ್ಳೆಯದು, ಕಡಲಿಗೆ ಆಗದು. ಮೆಗ್ನೀಸಿಯಂ ಬೆರೆತ 5000 ಸರಣಿ, ಅಂದರೆ 5052, 5083, 5086, ಇವು ಉಪ್ಪುನೀರನ್ನು ತಾಳುತ್ತವೆ. ಕಣ್ಣಿನಿಂದ ನೋಡಿ ಹೇಳುವಂತಿಲ್ಲ. ನಮ್ಮ ಸುತ್ತ ಉಕ್ಕಿನ ಕಾರ್ಖಾನೆಗಳಿರುವುದರಿಂದ ಲೋಹ ಪರೀಕ್ಷೆ ಮಾಡುವವರಿಗೆ ಬರವಿಲ್ಲ. ಪರಿಚಿತರೊಬ್ಬರು ಕೈಯಲ್ಲಿ ಹಿಡಿಯುವ ಯಂತ್ರವನ್ನು ತಗಡಿಗೆ ಒತ್ತಿ ಹಿಡಿದು ಓದಿದರು. ಮೆಗ್ನೀಸಿಯಂ ಶೇಕಡಾ 2.5ರ ಆಸುಪಾಸು, ಸ್ವಲ್ಪ ಕ್ರೋಮಿಯಂ, ತಾಮ್ರ ಇಲ್ಲವೆನ್ನುವಷ್ಟು ಕಡಿಮೆ. 5052. ಆ ಅಂಕಿ ಬರದಿದ್ದರೆ ದೋಣಿಯನ್ನು ಅಲ್ಲಿಯೇ ಬಿಟ್ಟು ಬರುತ್ತಿದ್ದೆ. ಬಣ್ಣ, ಸೀಲಂಟ್, ಎಂಜಿನ್ ಎಲ್ಲವೂ ಆಮೇಲಿನ ಮಾತು. ಮೂಲ ಲೋಹ ಸರಿಯಿಲ್ಲದ ದೋಣಿಗೆ ಹಾಕುವ ದುಡಿಮೆ ನೀರಿಗೆ ಹಾಕಿದ ಹಾಗೆಯೇ.

ಸೋರಿಕೆ ಹುಡುಕುವ ಕ್ರಮ ತಿರುವುಮುರುವಾದದ್ದು. ದೋಣಿಯನ್ನು ನೀರಿಗೆ ಇಳಿಸುವುದಿಲ್ಲ, ನೀರನ್ನು ದೋಣಿಗೆ ತುಂಬುತ್ತೇವೆ. ಶೆಡ್ಡಿನ ಹಿಂದೆ ಮರದ ದಿಮ್ಮಿಗಳನ್ನು ಒತ್ತೊತ್ತಾಗಿ ಇಟ್ಟು ದೋಣಿಯನ್ನು ಕೂರಿಸಿ, ಪೈಪಿನಿಂದ ಒಂದು ಗೇಣು ನೀರು ಬಿಟ್ಟೆ. ಹೆಚ್ಚು ಬಿಡಬಾರದು, ಹೊರಗಿನಿಂದ ನೀರಿನ ಆಸರೆ ಇಲ್ಲದಾಗ ಒಳಗಿನ ಭಾರಕ್ಕೆ ತಳ ಜೋತುಬೀಳುತ್ತದೆ. ಆಮೇಲೆ ನೆಲದ ಮೇಲೆ ಅಂಗಾತ ಮಲಗಿ ಟಾರ್ಚ್ ಬಿಟ್ಟು ನೋಡುವುದು. ಕೆಲವು ರಿವಿಟ್‌ಗಳ ತಲೆಯ ಸುತ್ತ ನೀರು ಉಂಗುರದಂತೆ ಮೂಡಿ, ಹನಿಯಾಗಿ ದಪ್ಪವಾಗಿ, ಬಹಳ ಹೊತ್ತು ತೂಗಾಡಿ ಬೀಳುತ್ತಿತ್ತು. ಕೆಲವು ಹನಿಗಳು ರಿವಿಟ್‌ನಿಂದ ಹೊರಟು ತಗಡಿನ ಜೋಡಣೆಯುದ್ದಕ್ಕೂ ಹರಿದು ಇನ್ನೆಲ್ಲಿಯೋ ಬೀಳುತ್ತಿದ್ದವು. ಅವುಗಳ ಜಾಡನ್ನು ಬೆರಳಿನಿಂದ ಒರೆಸುತ್ತಾ ಹಿಂದಕ್ಕೆ ಹೋಗಬೇಕು. ಸೋರುವ ಪ್ರತಿಯೊಂದರ ಸುತ್ತ ಬಣ್ಣದ ಪೆನ್ಸಿಲಿನಿಂದ ಗುರುತು ಹಾಕಿದೆ. ಸಂಜೆಗೆ ದೋಣಿಯ ಹೊಟ್ಟೆಯ ತುಂಬ ಹಳದಿ ವೃತ್ತಗಳು.

ಸಡಿಲವಾದ ರಿವಿಟ್‌ಗೆ ಎರಡು ಚಿಕಿತ್ಸೆ. ಒಳಗಿನಿಂದ ಭಾರದ ಉಕ್ಕಿನ ತುಂಡನ್ನು ಒತ್ತಿಹಿಡಿದು ಹೊರಗಿನಿಂದ ಸುತ್ತಿಗೆಯಲ್ಲಿ ಹದವಾಗಿ ಬಡಿದರೆ ಬಹುಪಾಲು ಮತ್ತೆ ಬಿಗಿಯಾಗುತ್ತವೆ. ಕುತ್ತಿಗೆ ಸವೆದದ್ದನ್ನು ಕೊರೆದು ತೆಗೆದು, ತೂತಿಗೆ ಪಾಲಿಯುರೆಥೇನ್ ಸೀಲಂಟ್ ತುಂಬಿ, ಹೊಸ ಅಲ್ಯುಮಿನಿಯಂ ರಿವಿಟ್ ಕೂರಿಸಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಪಾಪ್ ರಿವಿಟ್‌ನ ನಡುವೆ ಟೊಳ್ಳು ಇರುತ್ತದೆ, ಒಳಗೆ ಉಕ್ಕಿನ ಕಡ್ಡಿಯ ತುದಿ ಉಳಿದುಬಿಡುತ್ತದೆ. ನೀರಿನ ಮಟ್ಟದ ಕೆಳಗೆ ಅದನ್ನು ನಾನು ಯಾರಿಗೂ ಹಾಕಿಕೊಡುವುದಿಲ್ಲ. ಸಹಾಯಕ್ಕೆ ಬಂದಿದ್ದ ಹುಡುಗ ‘ಎಲ್ಲ ರಿವಿಟ್ ತೆಗೆದು ಬೆಸುಗೆ ಹಾಕಿಬಿಡೋಣ’ ಎಂದು ಕೇಳಿದ. ಇಷ್ಟು ತೆಳ್ಳಗಿನ ಅಲ್ಯುಮಿನಿಯಂಗೆ ಬೆಸುಗೆ ಹಾಕುವುದು ಕಬ್ಬಿಣದ ಹಾಗಲ್ಲ. ಶುದ್ಧ ಅಲ್ಯುಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಅದರ ಮೇಲಿನ ಆಕ್ಸೈಡ್ ಪೊರೆ ಕರಗಲು 2000 ಡಿಗ್ರಿ ದಾಟಬೇಕು. ಪೊರೆ ಒಡೆಯುವಷ್ಟರಲ್ಲಿ ಕೆಳಗಿನ ತಗಡು ಜಾರಿಹೋಗಿರುತ್ತದೆ. ಆರ್ಗಾನ್ ಅನಿಲದ ಟಿಗ್ ಬೆಸುಗೆಯನ್ನು ಹಿಂಬದಿಯ ಬಲಪಟ್ಟಿಗಳಿಗೆ ಮಾತ್ರ ಬಳಸಿ ತಳವನ್ನು ರಿವಿಟ್‌ಗೇ ಬಿಟ್ಟೆ.

ಆ ಪೊರೆಯೇ ಅಲ್ಯುಮಿನಿಯಂನ ಪ್ರಾಣ. ಗೀರಿದ ಕೂಡಲೇ ಗಾಳಿಯ ಆಮ್ಲಜನಕ ಹಿಡಿದು ತಾನಾಗಿ ಮತ್ತೆ ಕಟ್ಟಿಕೊಳ್ಳುತ್ತದೆ. ಸಮುದ್ರದ ನೀರು ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಹೊತ್ತಿರುತ್ತದೆ. ಅದರಲ್ಲಿರುವ ಕ್ಲೋರೈಡ್ ಈ ಪೊರೆಯನ್ನು ಅಲ್ಲಲ್ಲಿ ಚುಚ್ಚಿ ಸಣ್ಣ ಗುಳಿ ಮಾಡುತ್ತದೆ. ಗಾಳಿಯಾಡುವ ಕಡೆ ಗುಳಿ ಅಷ್ಟಕ್ಕೇ ನಿಲ್ಲಬಹುದು. ಗಾಳಿಯಾಡದೆ ಒದ್ದೆಯಾಗಿಯೇ ಇರುವ ಕಡೆ, ಅಂದರೆ ಹಲಗೆಯ ಅಡಿ, ಸ್ಪಂಜಿನ ಅಡಿ, ಮೂಲೆಯಲ್ಲಿ ಕೂತ ಕೆಸರಿನ ಅಡಿ, ಅದು ಆಳಕ್ಕೆ ಇಳಿಯುತ್ತದೆ.

ಇದಕ್ಕಿಂತ ದೊಡ್ಡ ಕೇಡು ಎರಡು ಲೋಹಗಳ ಸಹವಾಸ. ಈ ದೋಣಿಯ ನೀರು ಬಸಿಯುವ ತೂತಿಗೆ ಯಾರೋ ಹಿತ್ತಾಳೆಯ ಬಿರಡೆ ಹಾಕಿ, ಅದನ್ನು ಕಬ್ಬಿಣದ ಸ್ಕ್ರೂಗಳಿಂದ ಬಿಗಿದಿದ್ದರು. ಬಿಚ್ಚಿ ತೆಗೆದಾಗ ಬಿರಡೆ ಹೊಸದರಂತೆ ಹೊಳೆಯುತ್ತಿತ್ತು, ಅದರ ಸುತ್ತಲಿನ ಅಲ್ಯುಮಿನಿಯಂ ಸುಣ್ಣದ ಹಿಟ್ಟಿನಂತೆ ಬೆಳ್ಳಗೆ ಉಬ್ಬಿತ್ತು. ಉಗುರಿನಿಂದ ಕೆರೆದರೆ ಪುಡಿ ಉದುರಿ ಕೆಳಗೆ ಗುಳಿಗಳು, ಒಂದು ಕಡೆಯಂತೂ ಬೆಳಕು ಹಾಯುವಷ್ಟು ತೆಳುವಾಗಿತ್ತು. ಎರಡು ಬೇರೆ ಲೋಹಗಳು ಮುಟ್ಟಿಕೊಂಡು ಉಪ್ಪುನೀರಿನಲ್ಲಿ ನೆನೆದರೆ ಅದೊಂದು ಬ್ಯಾಟರಿ. ಆ ಬ್ಯಾಟರಿಯಲ್ಲಿ ಅಲ್ಯುಮಿನಿಯಂ ಕೊಡುವ ಪಕ್ಷ. ಹಿತ್ತಾಳೆ, ತಾಮ್ರ, ಸ್ಟೇನ್‌ಲೆಸ್ ಸ್ಟೀಲ್ ಉಳಿದುಕೊಳ್ಳುವ ಪಕ್ಷ. ಕೆರೆಯ ಸಿಹಿನೀರಿನಲ್ಲಿ ವಿದ್ಯುತ್ ಅಷ್ಟು ಸರಾಗವಾಗಿ ಹರಿಯುವುದಿಲ್ಲ. ಅಲ್ಲಿಯೇ ಈ ಗತಿಯಾದರೆ ಕಡಲಿನಲ್ಲಿ ಎಷ್ಟು ಬೇಗ ತೂತು ಬೀಳುತ್ತಿತ್ತೆಂದು ಲೆಕ್ಕ ಹಾಕಬೇಕಾಗಿಲ್ಲ. ತಾಮ್ರದ ತಂತಿಯ ತುಂಡೊಂದು ತಳದಲ್ಲಿ ಬಿದ್ದು ಉಪ್ಪುನೀರಿನಲ್ಲಿ ನೆನೆದರೂ ಸಾಕು. ಭಾವನವರಿಗೆ ನಾನು ಬರೆದುಕೊಟ್ಟ ಚೀಟಿಯಲ್ಲಿ ಮೊದಲ ಸಾಲು ಇದೇ: ದೋಣಿಯಲ್ಲಿ ಚಿಲ್ಲರೆ ಕಾಸು, ತಂತಿ, ಸೀಸದ ಗುಂಡು, ಕಬ್ಬಿಣದ ಗಾಳ ಬಿದ್ದರೆ ಅಂದೇ ಹೆಕ್ಕಿ ತೆಗೆಯಬೇಕು.

ಹೀಗಾಗಿ ಹಳೆಯ ಕಬ್ಬಿಣ, ಹಿತ್ತಾಳೆಗಳನ್ನು ಒಂದೂ ಬಿಡದೆ ಕಿತ್ತೆ. ಬಿರಡೆ ಪ್ಲಾಸ್ಟಿಕ್‌ನದಾಯಿತು. ಬೋಲ್ಟ್ ಬೇಕಾದ ಕಡೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, ಆದರೆ ಬರಿಮೈಯಲ್ಲಲ್ಲ: ತೂತಿನ ಒಳಗೆ ನೈಲಾನ್ ಕೊಳವೆ, ತಲೆಯ ಅಡಿ ನೈಲಾನ್ ವಾಷರ್, ಸುತ್ತ ಸೀಲಂಟ್. ದೊಡ್ಡ ಅಲ್ಯುಮಿನಿಯಂ ತಗಡಿನಲ್ಲಿ ಸಣ್ಣ ಸ್ಟೀಲ್ ಬೋಲ್ಟ್ ಇದ್ದರೆ ಸವೆತ ಹರಡಿಹೋಗಿ ನಿಧಾನವಾಗುತ್ತದೆ. ದೊಡ್ಡ ಸ್ಟೀಲ್ ತಗಡನ್ನು ಸಣ್ಣ ಅಲ್ಯುಮಿನಿಯಂ ರಿವಿಟ್‌ನಿಂದ ಬಿಗಿದರೆ ರಿವಿಟ್ ಬೇಗನೆ ಮುಗಿದುಹೋಗುತ್ತದೆ.

ಕಬ್ಬಿಣದ ಶೆಡ್ಡಿನಲ್ಲಿ ಈ ಕೆಲಸ ಮಾಡಬಾರದೆಂಬುದೂ ಇದೇ ಕಾರಣಕ್ಕೆ. ಗ್ರೈಂಡರಿನ ಕಿಡಿ ಎಂದರೆ ಕಾದ ಕಬ್ಬಿಣದ ಕಣ. ಅದು ಮೆತ್ತಗಿನ ಅಲ್ಯುಮಿನಿಯಂಗೆ ನಾಟಿಕೊಂಡರೆ ಪ್ರತಿ ಕಣವೂ ಮುಂದೆ ಒಂದು ಕಲೆ. ದೋಣಿಯನ್ನು ಹಿತ್ತಿಲ ಬೇವಿನ ಮರದಡಿಗೆ ಒಯ್ದು, ಕಬ್ಬಿಣ ಮುಟ್ಟದ ಬೇರೆ ಬ್ರಷ್, ಬೇರೆ ಚಕ್ರ, ಬೇರೆ ಅರ ಇಟ್ಟುಕೊಂಡೆ. ಏಪ್ರಿಲ್ ಬಿಸಿಲಿಗೆ ಹತ್ತು ಗಂಟೆಯ ಮೇಲೆ ತಗಡು ಮುಟ್ಟುವಂತಿರಲಿಲ್ಲ. ನಸುಕಿನಲ್ಲಿ ಕೆಲಸ, ಮತ್ತೆ ಸಂಜೆ.

ತಳದ ಮೇಲೆ ನಿಲ್ಲಲು ಹಲಗೆ ಬೇಕು. ಇಲ್ಲಿಯೂ ಮರದ ಅಂಗಡಿಯವರ ಮಾತನ್ನು ಹಾಗೆಯೇ ನಂಬುವಂತಿಲ್ಲ. ಗೆದ್ದಲು ಹಿಡಿಯದಿರಲೆಂದು ಕೆಲವು ಪ್ಲೈವುಡ್‌ಗೆ ತಾಮ್ರದ ಲವಣ ಉಣಿಸಿರುತ್ತಾರೆ. ಅದು ಒದ್ದೆಯಾಗಿ ಅಲ್ಯುಮಿನಿಯಂಗೆ ತಾಗಿದರೆ ತಾಮ್ರದ ತಂತಿ ಮಾಡುವ ಕೆಲಸವನ್ನೇ ಮಾಡುತ್ತದೆ. ಮರೈನ್ ಪ್ಲೈವುಡ್‌ನಲ್ಲಿ ತಾಮ್ರ ಉಣಿಸದ್ದನ್ನು ಕೇಳಿ ತಂದು, ಆರೂ ಮುಖಕ್ಕೆ ಎಪಾಕ್ಸಿ ಹಚ್ಚಿ, ತಳಕ್ಕೆ ತಾಗದಂತೆ ರಬ್ಬರ್ ಪಟ್ಟಿಯ ಮೇಲೆ ಕೂರಿಸಿದೆ. ಸ್ಕ್ರೂ ಹೊಡೆದಿಲ್ಲ, ಎತ್ತಿ ತೆಗೆಯುವ ಹಾಗೆ ಬಿಟ್ಟಿದ್ದೇನೆ. ಹಲಗೆ ಎತ್ತಿ ತಳ ತೊಳೆಯಲಾಗದ ದೋಣಿ ಎಷ್ಟೇ ಚೆಂದವಿದ್ದರೂ ನನಗೆ ಬೇಡ. ಮುಳುಗದಂತೆ ಕಾಯುವ ತೇಲುವಸ್ತುವನ್ನು ಆಸನಗಳ ಅಡಿಯಲ್ಲಿ ಇಡಬೇಕಿತ್ತು. ಥರ್ಮಾಕೋಲ್ ಅಗ್ಗ, ಆದರೆ ಪೆಟ್ರೋಲ್ ಸೋಂಕಿದರೆ ಕರಗಿಹೋಗುತ್ತದೆ. ಸುರಿದು ಉಬ್ಬಿಸುವ ಫೋಮ್ ವರ್ಷಗಳು ಕಳೆದಂತೆ ನೀರು ಕುಡಿದು, ತಗಡಿಗೆ ಸದಾ ಒದ್ದೆ ಬಟ್ಟೆ ಹೊದಿಸಿಟ್ಟ ಸ್ಥಿತಿ ತರುತ್ತದೆ. ಮುಚ್ಚಿದ ಕಣಗಳ ಪಾಲಿಎಥಿಲೀನ್ ಫೋಮನ್ನು ಕತ್ತರಿಸಿ, ತಗಡಿನಿಂದ ಎರಡು ಬೆರಳು ಎಡೆ ಬಿಟ್ಟು ಪಟ್ಟಿಯಲ್ಲಿ ಬಿಗಿದೆ.

ಅಪ್ಪನ ಹರಿಗೋಲಿನಲ್ಲಿ ಲೋಹವೆಂಬುದೇ ಇರಲಿಲ್ಲ. ಬಿದಿರಿನ ಹೆಣಿಗೆ, ಮೇಲೆ ಪ್ಲಾಸ್ಟಿಕ್ ಚೀಲದ ಹೊದಿಕೆ, ಅದರ ಮೇಲೆ ಡಾಂಬರು. ಎಲ್ಲಿ ಸೋರಿದರೂ ಡಾಂಬರು ಕಾಯಿಸಿ ಬಳಿದರೆ ಮುಗಿಯಿತು. ಅದರಲ್ಲಿ ಸೈಕಲ್ಲು, ಮೋಟಾರ್ ಸೈಕಲ್ಲು, ಭತ್ತದ ಚೀಲ ಎಲ್ಲವೂ ನದಿ ದಾಟಿವೆ. ನಾನು ಮಾಡುತ್ತಿದ್ದ ಕೆಲಸವನ್ನು ಅಪ್ಪ ಬೇವಿನ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಒಂದು ದಿನ ಎದ್ದು ಬಂದು ಎರಡೂ ಅಂಚುಗಳನ್ನು ಹಿಡಿದು ಒಮ್ಮೆ ಅಲುಗಾಡಿಸಿ, ‘ಹಿಂದೆ ಬಹಳ ತಗ್ಗಿದೆಯಲ್ಲ’ ಎಂದರು.

ಸರಿಯಾದ ಜಾಗವನ್ನೇ ಹಿಡಿದಿದ್ದರು. ಎಂಜಿನ್ ಕೂರುವ ಹಿಂಬದಿಯ ಹಲಗೆ ಹದಿನೈದು ಇಂಚು ಎತ್ತರವಿತ್ತು, ಗಿಡ್ಡ ದಂಡಿನ ಎಂಜಿನ್‌ಗೆ ಹೊಂದುವ ಅಳತೆ. ಕೆರೆಯಲ್ಲಿ ಸಾಕು. ಕಡಲಿನಲ್ಲಿ ಹಿಂದಿನಿಂದ ಒಂದು ಅಲೆ ಬಂದರೆ ಆ ತಗ್ಗಿನಿಂದ ನೇರ ಒಳಗೆ. ಹಳೆಯ ಮರದ ಹಲಗೆ ಒಳಗೆ ಕೊಳೆತಿತ್ತು, ಹೇಗೂ ತೆಗೆಯಬೇಕಿತ್ತು. ಇಪ್ಪತ್ತು ಇಂಚಿನ ಹೊಸ ಹಲಗೆ ಹಾಕಿ, ಉದ್ದ ದಂಡಿನ ಎಂಜಿನ್‌ಗೆ ಹೊಂದಿಸಿದೆ. ಎತ್ತರ ಹೆಚ್ಚಿದಷ್ಟೂ ಎಂಜಿನ್ನಿನ ಎಳೆತ ತಳದ ಕೂಡುಗೆರೆಯ ಮೇಲೆ ಹೆಚ್ಚು ಬೀಳುತ್ತದೆ. ಆದ್ದರಿಂದ ಎರಡೂ ಕಡೆ ಮೊಣಕಾಲಿನಾಕಾರದ ಆನಿಕೆಗಳನ್ನು ಟಿಗ್ ಬೆಸುಗೆಯಲ್ಲಿ ತಳದ ಪಟ್ಟಿಗಳಿಗೆ ಸೇರಿಸಿದೆ. ಭಾವನ ಬಳಿ ಇರುವುದು 9.9 ಅಶ್ವಶಕ್ತಿಯ, ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಗೆ ಹೊರಳುವ ಹಳೆಯ ಎಂಜಿನ್. ಹೆಚ್ಚಿನ ಶಕ್ತಿಯದು ಬೇಡವೆಂದು ನಾನೂ ಹಟ ಹಿಡಿದೆ.

ಬಣ್ಣದ ವಿಷಯವನ್ನು ಬೇಗ ಮುಗಿಸುತ್ತೇನೆ. ದೋಣಿ ಪ್ರತಿದಿನ ದಡಕ್ಕೆ ಬರುವುದರಿಂದ ತಳಕ್ಕೆ ಚಿಪ್ಪು ಹತ್ತದ ಬಣ್ಣ ಬೇಕಾಗಿಲ್ಲ. ಬೇಕೆನಿಸಿದರೂ ಮರದ ದೋಣಿಗೆ ಬಳಿಯುವ ತಾಮ್ರದ ಬಣ್ಣವನ್ನು ಇದಕ್ಕೆ ತಾಗಿಸಲೇಬಾರದು. ಪಕ್ಕಗಳಿಗೆ ಮಾತ್ರ ತಿಕ್ಕಿ, ಒರೆಸಿ, ಪೊರೆ ದಪ್ಪವಾಗುವ ಮುನ್ನ ಅಂದೇ ಲೋಹವನ್ನು ಕಚ್ಚಿ ಹಿಡಿಯುವ ಎಚಿಂಗ್ ಪ್ರೈಮರ್, ಮೇಲೆ ಎಪಾಕ್ಸಿ, ಅದರ ಮೇಲೆ ನೀಲಿ. ಒಳಗನ್ನು ಬರಿದಾಗಿ ಬಿಟ್ಟೆ, ಗುಳಿ ಬಿದ್ದರೆ ಕಣ್ಣಿಗೆ ಕಾಣಲಿ ಎಂದು.

ಇನ್ನು ಬಲಿಗಟ್ಟಿಗಳು. ಅಲ್ಯುಮಿನಿಯಂಗಿಂತ ಸುಲಭವಾಗಿ ಸವೆಯುವ ಲೋಹವನ್ನು ಮೈಗೆ ತಾಗಿಸಿ ಬಿಗಿದರೆ ಮೊದಲು ಅದು ಸವೆದು ದೋಣಿ ಉಳಿಯುತ್ತದೆ. ಇವನ್ನು ಆನೋಡ್ ಎಂದು ಕೇಳಿದರೆ ಅಂಗಡಿಯಲ್ಲಿ ಕೊಡುತ್ತಾರೆ. ಸಿಹಿನೀರಿಗೆ ಮೆಗ್ನೀಸಿಯಂ, ಕಡಲಿಗೆ ಸತು ಎಂಬುದು ರೂಢಿ. ಆದರೆ ಅಘನಾಶಿನಿಯ ಅಳಿವೆ ಎರಡೂ ಅಲ್ಲ. ಅಣೆಕಟ್ಟಿಲ್ಲದೆ ಹರಿಯುವ ನದಿ ಅದು. ಮಳೆಗಾಲದಲ್ಲಿ ಸಿಹಿನೀರು ಕಡಲನ್ನು ಹಿಂದಕ್ಕೆ ತಳ್ಳುತ್ತದೆ, ಬೇಸಿಗೆಯಲ್ಲಿ ಉಬ್ಬರ ಉಪ್ಪನ್ನು ಬಹಳ ಒಳಕ್ಕೆ ತರುತ್ತದೆ. ಹೀಗೆ ಉಪ್ಪು-ಸಿಹಿ ಬೆರೆತ ಸವುಳು ನೀರಿನಲ್ಲಿ ಸತುವಿನ ಮೇಲೆ ಗಟ್ಟಿ ಪದರ ಕಟ್ಟಿ ಅದು ಕೆಲಸ ನಿಲ್ಲಿಸಬಹುದು. ಆದ್ದರಿಂದ ಸತು ಮತ್ತು ಇಂಡಿಯಂ ಬೆರೆಸಿದ ಅಲ್ಯುಮಿನಿಯಂ ಬಿಲ್ಲೆಗಳನ್ನು ಹಿಂಬದಿಯಲ್ಲಿ, ನೀರಿನೊಳಗೆ ಇರುವ ಮಟ್ಟಕ್ಕೆ ಬಿಗಿದೆ. ಅವಕ್ಕೆ ಬಣ್ಣ ಬಳಿಯಬಾರದು, ಅವುಗಳ ಅಡಿ ಬರಿ ಲೋಹಕ್ಕೆ ತಾಗಿರಬೇಕು. ಅರ್ಧ ಸವೆದಾಗ ಬದಲಿಸಬೇಕು. ಸವೆಯದೇ ಹೊಸದರಂತೆ ಕಂಡರೆ ಆಗಲೇ ಅನುಮಾನಪಡಬೇಕು.

ವಿದ್ಯುತ್ ಎಂದರೆ ಒಂದು ದೀಪ, ತಳದ ನೀರೆತ್ತುವ ಒಂದು ಸಣ್ಣ ಪಂಪು, 12 ವೋಲ್ಟ್ ಬ್ಯಾಟರಿ. ಟ್ರ್ಯಾಕ್ಟರಿನಲ್ಲಿ ಮಾಡುವಂತೆ ಮೈಯನ್ನೇ ಅರ್ಥಿಂಗ್ ಮಾಡಿಕೊಂಡರೆ ಸೋರುವ ವಿದ್ಯುತ್ತು ತಳವನ್ನು ತಿನ್ನುತ್ತದೆ. ಹೋಗಲು ಒಂದು ತಂತಿ, ಬರಲು ಒಂದು ತಂತಿ, ಎರಡೂ ತವರ ಲೇಪಿಸಿದ ತಾಮ್ರ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್.

ಲಾರಿಗೆ ಏರಿಸುವ ಮುನ್ನ ಕೆರೆಯೊಂದರಲ್ಲಿ ಮರಳಿನ ಚೀಲ ಹೇರಿ ನೋಡಿದೆವು. ಇಬ್ಬರು, ಎಂಜಿನ್, ಬಲೆ, ಐಸಿನ ಪೆಟ್ಟಿಗೆ, ಲಂಗರು, ಇಷ್ಟರ ತೂಕಕ್ಕೆ ಅಂಚು ನೀರಿನಿಂದ ಎಷ್ಟು ಮೇಲೆ ಉಳಿಯುತ್ತದೆ ಎಂದು ಗುರುತು ಹಾಕಿಕೊಂಡೆ. ಕಡಲ ನೀರು ಸಿಹಿನೀರಿಗಿಂತ ಶೇಕಡಾ ಎರಡೂವರೆಯಷ್ಟು ಭಾರ, ಅಲ್ಲಿ ದೋಣಿ ಕೂದಲೆಳೆಯಷ್ಟು ಮೇಲೆಯೇ ತೇಲುತ್ತದೆ. ಅದನ್ನು ಲಾಭವೆಂದು ಎಣಿಸಬೇಡಿ ಎಂದು ಭಾವನವರಿಗೆ ಹೇಳಿದೆ. ಇಷ್ಟೆಲ್ಲ ಮಾಡಿದರೂ ಇದರ ತಳ ಚಪ್ಪಟೆಯೇ. ನಿಂತು ಬಲೆ ಎಳೆಯಲು ಚಪ್ಪಟೆ ತಳದಷ್ಟು ಸ್ಥಿರ ಇನ್ನೊಂದಿಲ್ಲ. ಅಲೆ ಎದ್ದಾಗ ಅಲೆಯನ್ನು ಸೀಳದೆ ಬಡಿದು ಬಡಿದು ಸಾಗುತ್ತದೆ, ಆ ಬಡಿತವೇ ರಿವಿಟ್‌ಗಳನ್ನು ಮತ್ತೆ ಸಡಿಲಿಸುತ್ತದೆ. ಅಳಿವೆಯ ಬಾಯಿಯಲ್ಲಿ, ಇಳಿತದ ನೀರು ಹೊರಗೆ ನುಗ್ಗುವಾಗ ಎದುರಿನಿಂದ ಗಾಳಿ ಬೀಸಿದರೆ, ಅಲೆಗಳು ಗಿಡ್ಡವಾಗಿ ಕಡಿದಾಗಿ ನಿಲ್ಲುತ್ತವೆ. ಆಗ ಈ ದೋಣಿ ದಾಟಬಾರದು. ಅವರು ನಲವತ್ತು ವರ್ಷ ಕಡಲು ಕಂಡವರು. ಆದರೂ ಹೇಳಿದೆ, ಅವರೂ ಕೇಳಿದರು. ಜೂನ್ ಮತ್ತು ಜುಲೈ ಹೇಗೂ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧದ ತಿಂಗಳು. ಹತ್ತು ಅಶ್ವಶಕ್ತಿಯೊಳಗಿನ ನಾಡದೋಣಿಗೆ ವಿನಾಯಿತಿ ಇದೆಯೆಂದು ಆ ಮಳೆಗಾಲದ ಕಡಲಿಗೆ ಇದನ್ನು ಇಳಿಸುವುದನ್ನು ಅಕ್ಕ ಒಪ್ಪಲಿಲ್ಲ. ನಾನು ಅಕ್ಕನ ಪಕ್ಷ.

ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಲಾರಿಯಲ್ಲಿ ದೋಣಿಯ ಜೊತೆಗೇ ಕೂತಿದ್ದೆ. ಕುಮಟಾ ಬಳಿ ಗಜನಿ ಗದ್ದೆಗಳನ್ನು ಭಾವ ತೋರಿಸಿದರು. ಕಡಲಿನ ಉಪ್ಪುನೀರು ನುಗ್ಗುವ ಆ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪನ್ನೂ ನೆರೆಯನ್ನೂ ತಾಳುವ ತಳಿ. ಸವಳು ಹತ್ತಿದ ಹೊಲ ಬಿಟ್ಟು ಗುಳೆ ಹೋದವರನ್ನು ಕಂಡಿರುವ ನನಗೆ, ಉಪ್ಪನ್ನು ಒಪ್ಪಿಕೊಂಡು ನಿಂತ ಆ ತೆನೆಗಳ ಮುಂದೆ ಬಹಳ ಹೊತ್ತು ನಿಲ್ಲಬೇಕೆನಿಸಿತು.

ದೋಣಿ ಈಗ ದುಡಿಯುತ್ತಿದೆ. ಬಂದ ಕೂಡಲೇ ಅಕ್ಕ ಬಾವಿಯ ನೀರಿನಿಂದ ಒಳಗೂ ಹೊರಗೂ ತೊಳೆಯುತ್ತಾಳೆ, ಭಾವ ಎಂಜಿನ್ನನ್ನು ಸಿಹಿನೀರಿನ ಡ್ರಮ್ಮಿನಲ್ಲಿ ಓಡಿಸಿ ಅದರ ಹೊಟ್ಟೆಯ ಉಪ್ಪನ್ನು ತೆಗೆಯುತ್ತಾರೆ. ಹಲಗೆ ಎತ್ತಿ ತಳದ ಚಿತ್ರ ಕಳುಹಿಸಿದಾಗಲೆಲ್ಲ ನಾನು ಮೊಬೈಲಿನಲ್ಲಿ ರಿವಿಟ್‌ಗಳ ಸುತ್ತ ಬಿಳಿ ಪುಡಿ ಇದೆಯೇ ಎಂದು ದೊಡ್ಡದು ಮಾಡಿ ನೋಡುತ್ತೇನೆ.

ಸದ್ಯ ನಮ್ಮಿಬ್ಬರ ನಡುವೆ ಒಂದು ವಾದ ನಡೆದಿದೆ. ‘ತಮ್ಮಾ, ಗಾಳಕ್ಕೆ ಜೀವಂತ ಸಿಗಡಿ ಇಟ್ಟುಕೊಳ್ಳಬೇಕು. ತಳದಲ್ಲಿ ಒಂದು ತೂತು ಕೊರೆದು ನೀರು ಬಂದುಹೋಗುವ ತೊಟ್ಟಿ ಮಾಡಿಕೊಡು’ ಎನ್ನುತ್ತಾರೆ ಭಾವ. ‘ಬೇಡ ಭಾವ, ನೀರಿನ ಮಟ್ಟದ ಕೆಳಗೆ ಹೊಸ ತೂತನ್ನು ನಾನು ಕೊರೆಯುವುದಿಲ್ಲ. ಡ್ರಮ್ಮು ಇಡಿ, ಸಣ್ಣ ಪಂಪಿನಿಂದ ಅಂಚಿನ ಮೇಲಿಂದಲೇ ನೀರು ಹಾಯಿಸಿ’ ಎನ್ನುತ್ತೇನೆ ನಾನು. ಡ್ರಮ್ಮು ಬಲೆಯ ಜಾಗ ತಿನ್ನುತ್ತದೆ ಎಂಬುದು ಅವರ ತಕರಾರು, ಅದರಲ್ಲಿ ಹುರುಳಿದೆ. ನಡುವಿನ ಆಸನದ ಅಡಿಯ ಫೋಮನ್ನು ಅರ್ಧ ಮೂತಿಯ ಕಡೆಗೆ ಸರಿಸಿದರೆ ಚಿಕ್ಕ ಡ್ರಮ್ಮು ಅಡ್ಡಲಾಗಿ ಕೂರಬಹುದು. ಅಳತೆ ತೆಗೆದು ಕಳುಹಿಸಲು ಅಕ್ಕನಿಗೆ ಹೇಳಿದ್ದೇನೆ. ಬಂದರೆ ಪಟ್ಟಿಗಳನ್ನು ಬೇವಿನ ಮರದಡಿಯಲ್ಲೇ ಕತ್ತರಿಸಿ, ನೈಲಾನ್ ವಾಷರ್ ಸಮೇತ ಕುಮಟಾದ ಬಸ್ಸಿಗೆ ಹಾಕುತ್ತೇನೆ.